ಕಾರ್ಖಾನೆ ಜಾಗದಲ್ಲಿ ಅಮ್ಮ

ಟೆಮಾದ ಟ್ರೋಟ್ರೋ ಸ್ಟ್ಯಾಂಡಿನ ಸಾಲಿನಲ್ಲಿ ಸೆನ್ಯೋನ ಮುಂದೆ ಅಕ್ಕತಂಗಿಯರಿಬ್ಬರು ವ್ಯಾನಿಗಾಗಿ ಕಾಯುತ್ತಿದ್ದರು. ತಂಗಿಯ ಕಂಕುಳಲ್ಲಿ ಹೊಸ ಬಟ್ಟೆಯೊಂದಿತ್ತು. ಮಗುವನ್ನು ಬೆನ್ನಿಗೆ ಕಟ್ಟಿಕೊಳ್ಳಲು ಇರಬೇಕು ಎಂದುಕೊಂಡ.

“ಅಲ್ವೇ ಕೊರ್ಕೊರ್, ಇದು ಮನೆಗಳಿರೋ ಜಾಗ, ಇಲ್ಲಿ ಕೆಂಕಿ ಉಂಡೆ ಬೇಯ್ಸಿ ಹೊಗೆ ಎಬ್ಬಿಸ್ಬೇಡಿ ಅಂತ ಹಳೇ ಮನೆಯಿಂದ ಓಡಿಸಿದ್ದು ಅದೇ ಆಫೀಸರ್ ತಾನೆ?”

“ಅವನೇ ಅಕ್ಕ. ಈಗ ನಾವು ಒಲೆ ಹಾಕ್ಕೊಂಡಿರೋ ಶೆಡ್ಡಿಗೂ ಬಂದು, ಇದು ಕಾರ್ಖಾನೆಗಳ ಜಾಗ, ಇಲ್ಲಿ ಯಾರೂ ವಾಸ ಇರೋ ಹಾಗಿಲ್ಲ ಅಂದ. ಚಾಪೆ ಮೇಲಿದ್ದ ಅಮ್ಮನ್ನ ನೋಡ್ಬಿಟ್ಟ.”

“ಏನಂದೆ?”

“ಕೆಲ್ಸದೋಳು, ಸುಸ್ತಾಗಿ ಮಲಗಿದ್ದಾಳೆ ಅಂದೆ.”

“ನಿನ್ ಬಾಯಿಗ್ ಮಣ್ ಹಾಕ! ಲಕ್ವ ಹೊಡೆದೋಳನ್ನ ಕೆಲ್ಸದೋಳು ಅಂದ್ಯಾ?”

“ಇನ್ನೇನ್ ಅನ್ಲಿ? ವಾಸ ಇದೀವಿ ಅಂದ್ರೆ ಶೆಡ್ಡು ಕೆಡವ್ತಾನೆ. ಒಲೆ ಹೋದ್ರೆ ಏನ್ ತಿನ್ನೋದು? ನಾಳೆ ಬರ್ತೀನಿ, ಅವ್ಳು ಕೆಲ್ಸ ಮಾಡೋದನ್ನ ಕಣ್ಣಾರೆ ನೋಡ್ಬೇಕು ಅಂದ.”

“ಅಮ್ಮನ್ನ ನಮ್ಮನೆಗೆ ಕರ್ಕೊಂಡ್ ಬಾರೇ.”

“ಅವ್ಳು ಕಾಣ್ದೆ ಇದ್ರೆ ಸುಳ್ಳು ಸಿಕ್ಕಿ ಬೀಳುತ್ತೆ. ಅಮ್ಮನೇ ಹೇಳಿದ್ಲು, ಒಲೆ ಮುಂದೆ ನನ್ನ ಕೂರ್ಸು, ಮುಸುಕಿನ ಜೋಳದ ಸಿಪ್ಪೇಲಿ ಕೆಂಕಿ ಸುತ್ತೋ ಹಾಗೆ ಒಂದು ಕೈ ಆಡಿಸ್ತೀನಿ ಅಂತ.”

“ಸೊಂಟವೇ ನಿಲ್ಲದೋಳು ಹೆಂಗೆ ಕೂರ್ತಾಳೆ?”

ವ್ಯಾನು ಬಂತು. ತಂಗಿ ಕಂಕುಳಿನ ಬಟ್ಟೆಯನ್ನು ತೆಗೆದು ಅಕ್ಕನ ಕೈಗಿಟ್ಟಳು.

“ಕಂಬಕ್ಕೆ ಕಟ್ತೀನಿ. ಗಟ್ಟಿ ಇದೆಯಾ ನೋಡು.”

ಅಕ್ಕ ಎರಡೂ ಕೈಯಿಂದ ಅದನ್ನು ಜಗ್ಗಿ ನೋಡಿದಳು.

“ತುಂಬಾ ಬಿಗಿಯಾಗಿ ಕಟ್ಬೇಡ ಕಣೇ,” ಎನ್ನುತ್ತಾ ಹತ್ತಿದಳು.