ಸೀನಿಗೆ ಸಿಕ್ಕ ಉತ್ತರ

ನೋಡಿ ತಾಯಂದಿರೇ, ಬೈಲಹೊಂಗಲದ ಕಡೆ ಗುರುಪಾದಪ್ಪ ಅಂತ ಒಬ್ಬ ಶ್ರೀಮಂತ. ಹತ್ತಿಯ ವ್ಯಾಪಾರ. ಮದುವೆಯಾಗಿ ಬಹಳ ವರ್ಷಕ್ಕೆ ಅವನಿಗೊಂದು ಗಂಡು ಕೂಸು ಹುಟ್ಟಿತು. ಮೊದಲ ವರ್ಷಗಳಲ್ಲಿ ಮೆದುಳು ಬಿರುಸಾಗಿ ಬೆಳೆಯುತ್ತದೆ ಎಂದು ಡಾಕ್ಟರು ಹೇಳಿದರು. ಅಷ್ಟು ಕೇಳಿದ್ದೇ ತಡ, ಗುರುಪಾದಪ್ಪ ಉಳಿದದ್ದನ್ನು ಕೇಳದೆ ಎದ್ದು ಬಂದ.

ಬಂದವನೇ ಮನೆಮಂದಿಗೆಲ್ಲ ಅಪ್ಪಣೆ ಮಾಡಿದ: "ನನ್ನ ಮಗನ ಮುಂದ ಯಾರೂ ಉಂಗಾ ಗಿಂಗಾ ಅನಬಾರ್ದು. ಬುದ್ಧಿ ಬೆಳೆಯೋ ಮಾತಷ್ಟ ಅವನ ಕಿವಿಗೆ ಬೀಳ್ಬೇಕು!"

ನಿವೃತ್ತರಾಗಿದ್ದ ಮಠಪತಿ ಮಾಸ್ತರರನ್ನು ಕರೆಸಿ ತೊಟ್ಟಿಲ ಪಕ್ಕ ಕೂರಿಸಿದ. ಮಾಸ್ತರರು ಮಗ್ಗಿ ಹೇಳಿದರು, ನದಿಗಳ ಹೆಸರು ಹೇಳಿದರು, ಭೂಕಂದಾಯದ ಕಾಯ್ದೆಯನ್ನೂ ಓದಿದರು. ಕೂಸು "ಊಂ" ಎಂದು ಕೈ ಚಾಚಿದರೆ, "ಪಾಠದ ನಡುವ ಮಾತಾಡಬಾರದಪಾ" ಎಂದು ಗದರಿದರು. ಯಾರಿಗೆ? ಹಾಲು ಕುಡಿಯುವ ಕೂಸಿಗೆ!

ಅದಾದರೂ ಎಷ್ಟು ದಿನ ಕರೆದೀತು? ಕರೆದೂ ಕರೆದೂ ಸುಮ್ಮನಾಯಿತು. ಮೇಲೆ ತಿರುಗುವ ಫ್ಯಾನನ್ನೇ ನೋಡುತ್ತ ಮಲಗತೊಡಗಿತು.

"ಏನ್ರೀ, ಕೂಸು ಮಾರಿ ನೋಡಿ ನಗೂದ ಬಿಟ್ಟೈತ್ರಿ" ಎಂದು ಹೆಂಡತಿ ನೀಲವ್ವ ಅತ್ತಳು.

"ಅವ ವಿಚಾರದಾಗ ಅದಾನ, ಸುಮ್ಮನಿರ" ಎಂದ. ಆದರೆ ಅವನಿಗೂ ಒಳಗೊಳಗೇ ಹೆದರಿಕೆ.

ಒಂದು ದಿನ ಅಡುಗೆಮನೆಯಿಂದ ಮೆಣಸಿನಕಾಯಿ ಒಗ್ಗರಣೆಯ ಘಾಟು ಬಂತು. ತೊಟ್ಟಿಲಿಗೆ ಬಗ್ಗಿದ್ದ ಗುರುಪಾದಪ್ಪ ತಲೆಯ ರುಮಾಲು ಬೀಳುವಂತೆ ಸೀನಿದ. ಕೂಸು ಥಟ್ಟನೆ ಅವನ ಮುಖ ನೋಡಿತು. ನಕ್ಕಿತು! ಅವನು ಬೇಕೆಂದೇ ಇನ್ನೊಮ್ಮೆ ಸೀನಿದ. ಕೂಸು "ಅಚ್" ಎಂದಿತು. ಮತ್ತೆ ಸೀನಿದ. ಮತ್ತೆ "ಅಚ್".

ಮಾಸ್ತರರು ಕನ್ನಡಕ ಏರಿಸಿ ಕೇಳಿದರು: "ಸಾವ್ಕಾರ್ರ, ಹದಿನೇಳರ ಮಗ್ಗಿ ಮುಂದುವರಿಸಲೇನ್ರಿ?"

"ಮಗ್ಗಿ ಇರ್ಲಿ ಬಿಡ್ರಿ ಮಾಸ್ತರ! ನನ್ನ ಮಗ ಮಾತಾಡಾಕತ್ತಾನ. ನೀವೂ ಒಮ್ಮೆ ಸೀನ್ರಿ!"

ಮಾಸ್ತರರು ಸೀನಿದರು. ನೀಲವ್ವ ಅಳುತ್ತಲೇ ಸೀನಿದಳು. ಹತ್ತಿ ಕೊಳ್ಳಲು ಬಂದಿದ್ದ ವ್ಯಾಪಾರಿಗಳನ್ನೂ ಸಾಲಾಗಿ ನಿಲ್ಲಿಸಿ ಸೀನಿಸಿದ. ಕೂಸು ಒಬ್ಬೊಬ್ಬರಿಗೂ ಉತ್ತರ ಕೊಟ್ಟಿತು.

ನಗುತ್ತೀರಿ. ನೀವೇನು ಮಾಡುತ್ತಿದ್ದೀರಿ? ಕೂಸಿನ ಮುಂದೆ ಮೊಬೈಲ್ ಇಟ್ಟು ತುತ್ತು ತುರುಕುತ್ತೀರಿ. ಮೊಬೈಲು ಹಾಡೀತು, ಕುಣಿದೀತು. ಕೂಸು "ಊಂ" ಅಂದರೆ "ಏನೋ ಕಂದಾ" ಅಂದೀತೇ? ಬರೀ ಕೇಳಿಸಿದರೆ ಸಾಲದು, ಓಗೊಡಬೇಕು. ಹಾಗೆ ಓಗೊಟ್ಟಾಗಲೇ ಆ ಎಳೆಯ ಮೆದುಳು ಚಿಗುರುತ್ತದೆ. ಇವತ್ತಿನಿಂದ ಉಣಿಸುವಾಗ ಮೊಬೈಲು ದೂರ ಇಡಿ. ಎಣ್ಣೆ ಹಚ್ಚುವಾಗ ಮಾತಾಡಿಸಿ, ಅದರ ಸರದಿಗೆ ಕಾಯಿರಿ. ಅಪ್ಪಂದಿರೇ, ನಿಮಗೂ ಹೇಳುತ್ತಿದ್ದೇನೆ.

ಅಗೋ, ಆ ಕಂಬದ ಹತ್ತಿರ ಒಂದು ಕೂಸು ಆಗಿನಿಂದ "ಆ... ಊ..." ಅನ್ನುತ್ತಿದೆ. ಸುತ್ತಲಿನವರು "ಶ್" ಅನ್ನುತ್ತಿದ್ದೀರಿ, ಪ್ರವಚನ ಕೆಡುತ್ತದೆ ಅಂತ. ಪ್ರವಚನ ನಿಲ್ಲಲಿ. ತಾಯೀ, ನೀನು ಅದಕ್ಕೆ ಉತ್ತರ ಕೊಡು. ನಾನು ಕಾಯುತ್ತೇನೆ.