ಕತ್ತಿನ ಮೇಲಿನ ನೇರಳೆ ಗೆರೆ

ಹರಪನಹಳ್ಳಿ ಬಸ್ ನಿಲ್ದಾಣದಲ್ಲಿ ಕೂಡ್ಲಿಗಿ ಬಸ್ಸಿಗೆ ಕಾಯುತ್ತಿದ್ದ ಜಂಬಕ್ಕನಿಗೆ, ಪಕ್ಕದಲ್ಲಿ ಕುಳಿತ ಮುದುಕನ ಕತ್ತಿನ ಮೇಲಿಂದ ಕಣ್ಣು ಕೀಳಲಾಗಲಿಲ್ಲ. ಆಸ್ಪತ್ರೆಯವರು ಅಲ್ಲಿ ನೇರಳೆ ಶಾಯಿಯಲ್ಲಿ ಗೆರೆ ಎಳೆದಿದ್ದರು. ಹೆಗಲ ಮೇಲೆ ಕಂಬಳಿ ಹೊದ್ದ ಆ ಕುರಿಗಾರ ತನ್ನ ಆಚೆ ಬದಿಗೆ ಕುಳಿತ ಮಗಳನ್ನು ಮಾತಿಗೆಳೆದಿದ್ದ. ಕೇಳಬಾರದೆಂದರೂ ಜಂಬಕ್ಕನಿಗೆ ಎಲ್ಲವೂ ಕೇಳುತ್ತಿತ್ತು.

“ಪುಣೆದಾಗ ನೀ ಮಾಡೋ ಕೆಲ್ಸ ಏನಂತ ಇವತ್ತರ ಹೇಳವ್ವ.”

“ಕ್ಯಾನ್ಸರ್ ಕಣದಾಗ ಒಂದು ಕೆಟ್ಟ ಪ್ರೋಟೀನ್ ಇರ್ತೈತಪ್ಪ. ಅದಕ್ಕ ಹಸಿರು ಹೊಳಿಯೋ ಗುರುತು ಅಂಟಿಸ್ತೀವಿ. ಔಷಧ ಹಾಕಿದ ಮ್ಯಾಲೆ ಆ ಕಣನೇ ಆ ಪ್ರೋಟೀನನ್ನ ಅರದು ಹಾಕಿದ್ರ, ಹೊಳಪು ಹೋಕ್ಕೈತಿ.”

“ಅಂದ್ರ, ನಾ ಮಾರಾಕ ಸಂತಿಗೆ ಹೊಡಿಯೋ ಕುರಿಗೆ ಬಣ್ಣ ಹಚ್ಚಿದಂಗ.”

“ಹಂಗೇ ಅಪ್ಪ. ಬಣ್ಣ ಕಾಣಲಿಲ್ಲಂದ್ರ ಅದು ಹೋತು ಅಂತ ತಿಳ್ಕಂತೀವಿ.”

“ಆ ಔಷಧ ನನಗ ಕೊಡ್ತಾರೇನು?”

ಮಗಳು ಬಸ್ಸು ಬರುವ ದಾರಿಯನ್ನೇ ನೋಡಿದಳು.

“ಅದಿನ್ನೂ ಲ್ಯಾಬಿನ ಗಾಜಿನ ತಟ್ಟಿಯಾಗ ಐತಪ್ಪ. ಮನುಷ್ಯಾರಿಗೆ ಕೊಡಾಕ ಭಾಳ ವರ್ಷ ಬೇಕು.”

“ಇರ್ಲಿ ಬಿಡು. ಯಾರಿಗರ ಆಕ್ಕೈತಿ.”

ಅವನು ಕತ್ತು ಮುಟ್ಟಿಕೊಂಡ.

“ಮನಿಗೆ ಹೋಗಿ ಇದನ್ನ ತೊಳಕಂಬಾರ್ದೇನು?”

“ಬ್ಯಾಡಪ್ಪ. ಸೋಮವಾರ ಮತ್ತ ಕ್ಯಾನ್ಸರ್ ಗಡ್ಡಿಗೆ ಕರೆಂಟ್ ಕೊಡಾಕ ಅವ್ರಿಗೆ ಜಾಗ ಗೊತ್ತಾಗ್ಬೇಕು.”

“ನಾ ಬಣ್ಣ ಹಚ್ಚಿದ ಕುರಿ ಒಂದೂ ಹಟ್ಟಿಗೆ ತಿರುಗಿ ಬಂದಿಲ್ಲವ್ವ.”

ಧೂಳೆಬ್ಬಿಸುತ್ತ ಅವರು ಕಾಯುತ್ತಿದ್ದ ಕೊಟ್ಟೂರು ಬಸ್ ಬಂದು ನಿಂತಿತು. ಮಗಳು ಕಂಬಳಿಯ ಅಂಚನ್ನು ಮೇಲೆಳೆದು ಗೆರೆ ಕಾಣದಂತೆ ಅವನ ಕತ್ತಿಗೆ ಸುತ್ತಿದಳು. ರಟ್ಟೆ ಹಿಡಿದು ಎಬ್ಬಿಸಿದಳು.

“ಏಳಪ್ಪ. ಹಟ್ಟಿಗೇ ಹೋಗಾಣ.”