ಒಗ್ಗರಣೆ ಇಲ್ಲದ ಸಾರು

ಕೇಳಿ. ಕೂತವರು ಕೂತಲ್ಲೇ ಕೇಳಿ, ನಿಂತವರು ಕೂತು ಕೇಳಿ.

ಹೆಸರಿಲ್ಲದ ಒಂದು ನಾಡು. ಆ ನಾಡಿಗೊಂದು ಊರು. ಆ ಊರಿಗೊಂದು ಒಲೆಯ ಮನೆ. ಊರಲ್ಲಿ ಒಲೆ ಇಲ್ಲದ ಮನೆ ಯಾವುದಿತ್ತು? ಯಾವುದೂ ಇರಲಿಲ್ಲ. ಆದರೂ ಒಲೆಯ ಮನೆ ಅಂದರೆ ಅದೊಂದೇ. ಏಳು ತಲೆಯಿಂದ ಆ ಮನೆಯ ಹೆಂಗಸರು ಉಪ್ಪಿನ ಅಳತೆ ತಪ್ಪಿದವರಲ್ಲ, ಆಡಿದ ಮಾತು ತಪ್ಪಿದವರಲ್ಲ, ಹಸಿದು ಬಂದವರನ್ನು ಹೊಸಿಲಿಂದ ಹಾಗೇ ಕಳಿಸಿದವರಲ್ಲ. ಪಾಳೆಯಗಾರನ ದಂಡು ಊರನ್ನು ಸೂರೆ ಮಾಡಿದ ಸಂಜೆಯೂ ಆ ಮನೆಯ ಮುತ್ತಜ್ಜಿ ಬೂದಿ ಕೆದಕಿ ಕೆಂಡ ಹುಡುಕಿ ಊರಿಗೆಲ್ಲ ಅಂಬಲಿ ಕಾಯಿಸಿದ್ದಳು. ಅಂಥ ಮನೆ ಅದು.

ನಮ್ಮ ಕಥೆಯ ಕಾಲಕ್ಕೆ ಆ ಮನೆಯ ಯಜಮಾನಿ ನಂಜಾಂಬೆ. ನೆಟ್ಟಗೆ ನಡೆಯುವವಳು, ನೆಟ್ಟಗೆ ನುಡಿಯುವವಳು. ದನ ಮನೆಗೆ ತಿರುಗುವ ಹೊತ್ತಿಗೆ ಅವಳ ಹಿತ್ತಲ ಗೋಡೆಯ ಮೇಲೆ ಒಂದೊಂದೇ ಮುಖ ಕಾಣಿಸಿಕೊಳ್ಳುತ್ತಿತ್ತು. ಎಲ್ಲರದೂ ಒಂದೇ ಮಾತು: “ನಂಜಾಂಬಕ್ಕಾ, ಇವತ್ತು ಏನು ಮಾಡಲಿ?”

ಒಂದು ಹಿಡಿ ದಂಟಿನ ಸೊಪ್ಪಿದೆ ಅಂದವಳಿಗೆ, ಬೇಳೆ ಜೊತೆ ಬೇಯಿಸಿ ಬಸಿ, ಬಸಿದ ನೀರಿಗೆ ಖಾರ ಅರೆದು ಹಾಕಿದರೆ ಸಾರು, ಸೊಪ್ಪಿಗೆ ಕಾಯಿತುರಿ ಬಿದ್ದರೆ ಪಲ್ಯ ಅನ್ನುತ್ತಿದ್ದಳು. ಹುರುಳಿ ಬೇಯುತ್ತಿದೆ ಅಂದವಳಿಗೆ, ಕಟ್ಟು ಚೆಲ್ಲಬೇಡ, ಅದರಲ್ಲೇ ನಾಳೆಯ ಸಾರಿದೆ ಅನ್ನುತ್ತಿದ್ದಳು. ಮನೆಯಲ್ಲಿ ಏನೂ ಇಲ್ಲ ಅಂದವಳನ್ನು ಮಾತ್ರ ಗದರುತ್ತಿದ್ದಳು. ಉಪ್ಪು, ಹುಣಸೆ, ಬೆಳ್ಳುಳ್ಳಿ ಇದ್ದ ಮನೆಯಲ್ಲಿ ಏನೂ ಇಲ್ಲ ಅನ್ನುವುದುಂಟೇ? ಬಾಯಿಗೆ ಬರಬಾರದ ಮಾತದು.

ಆ ಊರಿಗೆ ಎರಡು ಕಟ್ಟಳೆ ಇದ್ದವು. ಶುಭದೂಟ ಯಾರ ಮನೆಯದೇ ಇರಲಿ, ಮೊದಲ ಸಾರು ಒಲೆಯ ಮನೆಯ ಬಟ್ಟಲಲ್ಲಿ ಹೋಗಬೇಕು. ಹೋದ ಬಟ್ಟಲು ಬರಿದಾಗಿ ಬರಕೂಡದು. ಬೆಲ್ಲವೋ, ಹಣ್ಣೋ, ಕಡೆಗೆ ನಾಲ್ಕು ಕಾಳೋ ಅದರಲ್ಲಿರಬೇಕು.

ಒಂದು ಸಂಜೆ ಗೌಡರ ಮನೆಯಲ್ಲಿ ಮಗಳು ಸಾವಂತ್ರಿಯ ನಿಶ್ಚಿತಾರ್ಥದೂಟ. ನಂಜಾಂಬೆಯ ಒಲೆಯ ಮೇಲೆ ಸಾರು ಮರಳುತ್ತಿದೆ. ಪಕ್ಕದಲ್ಲಿ ಒಗ್ಗರಣೆಯ ಸೌಟಿನಲ್ಲಿ ಎಣ್ಣೆ ಕಾಯುತ್ತಿದೆ. ಅವಳು ಸಾಸಿವೆ ಡಬ್ಬಿಗೆ ಕೈ ಹಾಕಿದ್ದಾಳೆ. ಅಷ್ಟರಲ್ಲಿ ಗೋಡೆಯಾಚೆಯಿಂದ ನರಳುವ ದನಿ ಕೇಳಿಸಿತು.

ಗೋಡೆಯಾಚೆ ಯಾರಿದ್ದರು? ಪಕ್ಕದ ಮನೆಯಲ್ಲಿ ಒಬ್ಬಳೇ ಇದ್ದ ಸೂಲಗಿತ್ತಿ ಕೆಂಚವ್ವ. ಊರಿನ ಅರ್ಧ ಮಕ್ಕಳು ಅವಳ ಕೈಯಲ್ಲೇ ಹುಟ್ಟಿದವರು. ನಂಜಾಂಬೆ ಓಡಿಹೋಗಿ ಬಾಯಿಗೆ ನೀರು ಬಿಟ್ಟಳು, ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಗೌಡರಿಗೆ ಹೇಳಿಕಳಿಸಲೇ ಅಂದಳು. ಕೆಂಚವ್ವ ಅವಳ ಕೈ ಹಿಡಿದಳು.

“ಬ್ಯಾಡ ತಾಯಿ. ಸಾವಂತ್ರಿ ಹೊಕ್ಕುಳಬಳ್ಳಿ ಕೊಯ್ದ ಕೈ ಇದು. ನನ್ನ ಹೆಣ ಆ ಮಗೀನ ಹಸೆಗೆ ಅಡ್ಡ ಬೀಳಬಾರದು. ಎಲೆ ಎತ್ತೋಗಂಟ ನನ್ನ ಸುದ್ದಿ ಎತ್ತಬ್ಯಾಡ. ಮಾತು ಕೊಡು.”

ನಂಜಾಂಬೆ ಮಾತು ಕೊಟ್ಟಳು. ಕೆಂಚವ್ವ ಕಣ್ಣು ಮುಚ್ಚಿದಳು.

ಈಗ ನೀವೇ ಹೇಳಿ, ಆ ಹೆಂಗಸು ಏನು ಮಾಡಬೇಕು? ಬೀದಿಯಲ್ಲಿ ಹೆಣವಿದ್ದರೆ ಶುಭವಿಲ್ಲ. ಸಾರು ಕಳಿಸದಿದ್ದರೆ ಯಾಕೆಂದು ಕೇಳುತ್ತಾರೆ, ಕೇಳಿದರೆ ಕೊಟ್ಟ ಮಾತು ಹೋಗುತ್ತದೆ. ಕಳಿಸೋಣವೆಂದರೆ ಆ ಮನೆಗೆ ಏಳು ತಲೆಯ ನೇಮವೊಂದಿತ್ತು: ನೆರೆಯಲ್ಲಿ ಹೆಣವಿರುವಾಗ ಒಲೆಯ ಮನೆಯ ಸಾಸಿವೆ ಸಿಡಿಯಕೂಡದು. ಸತ್ತವರ ಮುಂದೆ ಒಗ್ಗರಣೆಯ ಘಮಲು ಹಬ್ಬಿಸುವುದು ಮನುಷ್ಯರ ನಡತೆಯಲ್ಲ.

ಅವಳು ಕೆಂಚವ್ವನ ತಲೆಯ ಬಳಿ ದೀಪವಿಟ್ಟು ಬಾಗಿಲೆಳೆದುಕೊಂಡಳು. ತಲೆಗೆ ನೀರು ಹೊಯ್ದುಕೊಂಡಳು. ಹೊಗೆಯಾಡುತ್ತಿದ್ದ ಎಣ್ಣೆಯ ಸೌಟನ್ನು ಕೆಳಗಿಳಿಸಿದಳು. ಸಾರನ್ನು ಹಾಗೇ ಬಟ್ಟಲಿಗೆ ಬಗ್ಗಿಸಿ ತಾನೇ ಹೊತ್ತು ನಡೆದಳು.

ಗೌಡತಿ ಹೊನ್ನಾಜಮ್ಮನ ಹಿತ್ತಲ ಬಾಗಿಲಲ್ಲಿ ಬಟ್ಟಲಿಟ್ಟು, “ಒಗ್ಗರಣೆ ನಿಮ್ಮ ಒಲೆಯಲ್ಲೇ ಹಾಕಿಕೊಳ್ಳಿ ಗೌಡತಿಯವರೇ. ಕಾರಣ ಕೇಳಬೇಡಿ,” ಅಂದಳು.

ಒಗ್ಗರಣೆ ಇಲ್ಲದ ಸಾರು ಎಲ್ಲಿ ಬಡಿಸುತ್ತಾರೆ, ನಿಮಗೆ ಗೊತ್ತು. ಸೂತಕದ ಮನೆಯಲ್ಲಿ. ಹೊನ್ನಾಜಮ್ಮನಿಗೂ ಗೊತ್ತಿತ್ತು. ಹಿತ್ತಲಲ್ಲಿ ಎಲೆ ತೊಳೆಯುತ್ತಿದ್ದ ಬೀದಿಯ ಹೆಂಗಸರೆಲ್ಲ ತಲೆಯೆತ್ತಿದರು. ಗೌಡತಿ ಬಟ್ಟಲೆತ್ತಿ ಸಾರನ್ನು ದನದ ಕಲಗಚ್ಚಿನ ಬಾನಿಗೆ ಸುರಿದಳು. “ನನ್ನ ಮಗಳ ಹಸೆಗೆ ಸೂತಕದ ಸಾರು ತಂದಳಲ್ಲ, ಇವಳ ಒಲೆಗೆ ಮಣ್ಣು ಬೀಳ,” ಅಂದಳು. ಬರಿದಾದ ಬಟ್ಟಲನ್ನು ನಂಜಾಂಬೆಯ ಕಾಲಬಳಿ ಬೋರಲು ಹಾಕಿದಳು.

ನಂಜಾಂಬೆಯ ನಾಲಿಗೆಯ ತುದಿಗೆ ಮಾತು ಬಂತು. ಒಳಗೆ ಬೀಗರು ನಗುತ್ತಿದ್ದರು, ಸಾವಂತ್ರಿಯ ಬಳೆ ಸದ್ದಾಗುತ್ತಿತ್ತು. ಬಂದ ಮಾತನ್ನು ನುಂಗಿ ಬಟ್ಟಲೆತ್ತಿಕೊಂಡು ಮನೆಗೆ ಬಂದಳು. ಎಲೆ ಎತ್ತಿದ ಮೇಲೆ, ಕೆಂಚವ್ವ ಈಗ ಹೋದಳು ಎಂದು ಊರಿಗೆ ಹೇಳಿದಳು. ಅವಳ ಬಾಯಿಂದ ಹೊರಟ ಸುಳ್ಳು ಅದೊಂದೇ. ಅದನ್ನು ಹುಡುಗಿಯ ಕತ್ತಿಗೆ ತಾಳಿ ಬೀಳುವವರೆಗೂ ಕಾಪಾಡಿಕೊಳ್ಳಬೇಕಿತ್ತು. ಹೆಣವಿದ್ದ ಬೀದಿಯಲ್ಲಿ ನಡೆದ ನಿಶ್ಚಿತಾರ್ಥವನ್ನು ಯಾವ ಬೀಗರು ಒಪ್ಪುತ್ತಾರೆ?

ಊರು ಸುಮ್ಮನಿದ್ದೀತೇ? ಒಲೆಯ ಮನೆಯವಳು ಸಾರಿನಲ್ಲೇ ಸಾವು ಕರೆದಳು ಅಂದಿತು. ಮೊದಲ ಸಂಜೆ ಗೋಡೆಯ ಮೇಲೆ ಒಂದೂ ಮುಖವಿಲ್ಲ. ಎರಡನೆಯ ಸಂಜೆ ಯಾರದೋ ಹಿತ್ತಲಲ್ಲಿ ಹುರುಳಿ ಕಟ್ಟನ್ನು ಮೋರಿಗೆ ಚೆಲ್ಲಿದ ಸದ್ದು ಕೇಳಿಸಿತು. ನಂಜಾಂಬೆ ಕಣ್ಣು ಮುಚ್ಚಿಕೊಂಡಳು. ಮೂರನೆಯ ಸಂಜೆ ಯಾವುದೋ ಮನೆಯ ಮಗು, ಇವತ್ತೂ ಅದೇ ನೀರುಸಾರೇ ಅಂತ ಅತ್ತಿತು. ಹೇಳುವವಳಿದ್ದಳು, ಕೇಳುವವರಿಲ್ಲ. ಅವಳಾದರೋ ದಿನವೂ ಒಲೆ ಸಾರಿಸಿದಳು, ಸೌಟು ತಿಕ್ಕಿದಳು. ಆ ಬಟ್ಟಲನ್ನು ಮಾತ್ರ ಗೋಡೆಯ ಹಲಗೆಯ ಮೇಲೆ ಬೋರಲಾಗಿಯೇ ಇಟ್ಟಳು.

ಮದುವೆಯಾಯಿತು. ಸಾವಂತ್ರಿಯನ್ನು ಹೊತ್ತ ಗಾಡಿ ಊರ ಎಲ್ಲೆ ದಾಟಿತು. ಎತ್ತಿನ ಗೆಜ್ಜೆಯ ಸದ್ದು ಅಡಗಿದ ಮೇಲೆ ನಂಜಾಂಬೆ ಬಟ್ಟಲು ಹಿಡಿದು ಗೌಡರ ಹಿತ್ತಲಿಗೆ ನಡೆದಳು. ಅಂದಿನ ಹೆಂಗಸರೇ ಮದುವೆಯ ಪಾತ್ರೆ ಬೆಳಗುತ್ತಿದ್ದರು. ಕೆಂಚವ್ವ ಕೇಳಿದ್ದೇನು, ತಾನು ಕೊಟ್ಟ ಮಾತೇನು, ಸೌಟು ಇಳಿಸಿದ್ದು ಯಾಕೆ, ಎಲ್ಲವನ್ನೂ ದನಿ ಏರಿಸದೆ ಹೇಳಿದಳು.

ಹೊನ್ನಾಜಮ್ಮ ಕಲಗಚ್ಚಿನ ಬಾನಿಯನ್ನೇ ನೋಡಿದಳು. ಆಮೇಲೆ ಮಾತಿಲ್ಲದೆ ಆ ಬಟ್ಟಲು ಇಸಿದುಕೊಂಡು ಒಳಗೆ ಹೋದಳು. ಹೋಳಿಗೆ ತುಂಬಿಸಿ, ತುಪ್ಪ ಸುರಿದು, ಎರಡೂ ಕೈಯಲ್ಲಿ ನೀಡಿದಳು. ಕಣ್ಣು ನೆಲದ ಮೇಲಿತ್ತು. ಹೆಂಗಸರೆಲ್ಲ, ಸದ್ಯ, ತೀರಿತು ಅಂದುಕೊಂಡರು.

ನಂಜಾಂಬೆ ಬಟ್ಟಲಿಗೆ ಕೈ ಚಾಚಲಿಲ್ಲ. ಕೇಳಿ, ಉಪ್ಪು ಬೇಕಾದ ಕಡೆ ಬೆಲ್ಲ ಸುರಿದರೆ ಅಡುಗೆ ಆದೀತೇ?

ಕಥೆಯ ಮಡಕೆ ಇಳಿಸಿದೆ, ಕೆಂಡಕ್ಕೆ ಬೂದಿ ಮುಚ್ಚಿದೆ. ಕೇಳಿದವರ ಒಲೆ ಆರದಿರಲಿ, ಹೇಳಿದವಳ ಮಾತು ಹಳಸದಿರಲಿ. ಕಡೆಯ ತುತ್ತು ನಂಜಾಂಬೆಯದು. ಅವಳು ಹೊಸಿಲಾಚೆ ನೆಟ್ಟಗೆ ನಿಂತು ಹೇಳಿದ್ದು ಇಷ್ಟೇ:

“ಹೋಳಿಗೆ ಬೇಡ ಗೌಡತಿಯವರೇ. ಬೈದದ್ದು ಬಾಯಿ, ಕೈಯಲ್ಲ. ಮೊದಲು ನಿಮ್ಮ ಮಗಳಿಗಾಗಿ ತನ್ನ ಸಾವನ್ನೇ ಮುಚ್ಚಿಟ್ಟ ಕೆಂಚವ್ವನ ಬಾಗಿಲ ಮುಂದೆ, ಆಮೇಲೆ ನನ್ನ ಒಲೆಯ ಮುಂದೆ, ಇವರೆಲ್ಲ ಕೇಳುವ ಹಾಗೆ, ತಪ್ಪಾಯಿತು ಅನ್ನಿ.”